ಗುಂಡಗಿಲ್ಲದ ಗುಂಡು

ಬೆಣ್ಣಿಹಾಳ, ನಾಲವಾರ ಸ್ಟೇಶನ್ ಹತ್ತಿರ
೧೨ ಅಕ್ಟೋಬರ್ ೧೯೪೮

ಚಿರಂಜೀವಿ ಸಾಯಬಣ್ಣನಿಗೆ ಅವ್ವನ ಆಶೀರ್ವಾದ.

ಇಲ್ಲಿ ನಾವು ಇದ್ದೇವೆ. ನೀನೂ ಇದ್ದೀಯೆಂದು ನಾಲ್ಕು ಸಾಲು ಬರೆದರೆ ನಿನ್ನ ಕೈಯೇನೂ ಸವೆಯುವುದಿಲ್ಲ. ಚಿತ್ತಾಪುರದ ಕಚೇರಿಯಲ್ಲಿ ಹಾಜಿಸಾಬನ ಮೇಲಿನ ಫಿರ್ಯಾದಿಗೆ ರುಜು ಹಾಕಿದವನು ಹಾಗೆಯೇ ವಾಡಿಗೆ ಹೋಗಿ ಸೋಲಾಪುರದ ಗಾಡಿ ಹತ್ತಿದೆ. ಮುಟ್ಟಿದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ನಿನ್ನ ಹೆಂಡತಿ ನೀಲಾಬಾಯಿ ನಿನ್ನ ಸುದ್ದಿ ಕೇಳುವುದಿಲ್ಲ. ಟಪಾಲಿನವನು ಓಣಿ ದಾಟುವ ತನಕ ಬಾಗಿಲು ಬಿಟ್ಟು ಕದಲುವುದೂ ಇಲ್ಲ. ಗಂಡನಾದವನಿಗೆ ಇಷ್ಟು ಹೇಳಿದರೆ ಸಾಕು.

ಶ್ರಾವಣದಲ್ಲಿ ನಿಮ್ಮಪ್ಪ ಹೋದ ಮೇಲೆ ಎತ್ತುಗಳು ನನ್ನ ಮಾತು ಕೇಳುವುದನ್ನು ಈಗ ಕಲಿಯುತ್ತಿವೆ. ನಾನೂ ಅವುಗಳ ಮಾತು ಕೇಳುವುದನ್ನು ಕಲಿಯುತ್ತಿದ್ದೇನೆ. ಹಾಜಿಸಾಬನನ್ನು ಹಿಡಿದೊಯ್ದ ದಿನವೇ ನಮ್ಮೆರಡು ಮನೆಗಳ ನಡುಗೋಡೆಯ ಕಿಂಡಿಗೆ ಮಣ್ಣು ಮೆತ್ತಿದೆ. ನಿಮ್ಮಜ್ಜಿಯ ಕಾಲದಿಂದ ಆ ಕಿಂಡಿಯಲ್ಲಿ ಕೆಂಡ ಆಚೆ ಹೋಗುತ್ತಿತ್ತು, ಕರಿಬೇವು ಈಚೆ ಬರುತ್ತಿತ್ತು. ಗಂಡನನ್ನು ಕೊಂದವನ ಮನೆಗೆ ನಮ್ಮ ಒಲೆಯ ಕೆಂಡ ಯಾಕೆ? ಅವನ ಹೆಂಡತಿ ಜೈತುನ್ಬೀ ಆಚೆಯಿಂದ ಒಂದು ಸಲ ಮೆಲ್ಲಗೆ ಬಡಿದಳು. ನಾನು ಓಗೊಡಲಿಲ್ಲ.

ಕಚೇರಿಯವರು ಬಂದು ಗುಂಡು ಸಿಕ್ಕಿದೆಯೇ ಎಂದು ಕೇಳಿದರು. ಇಡೀ ಮನೆ ಹುಡುಕಿಸಿದೆ. ಹೊಲದ ಹಂದಿ ಓಡಿಸುವ ಹಾಜಿಸಾಬನ ಗುಂಡು ನಾವು ಕಾಣದ್ದೇ? ನೀವೆಲ್ಲ ಸಣ್ಣವರಿದ್ದಾಗ ಗಜ್ಜುಗದ ಬದಲು ಅವನ ಸೀಸದ ಗುಂಡು ಕದ್ದು ಆಡಿದವರೇ. ಅಂಥದ್ದು ಒಂದೂ ಸಿಗಲಿಲ್ಲ.

ಈಗ ಒಂದು ಸಣ್ಣ ಮಾತು ಕೇಳುತ್ತೇನೆ. ಹೋದ ತಿಂಗಳು ದನಕ್ಕೆ ಹಾಕಲೆಂದು ತೊಗರಿ ಕೇರುವಾಗ ಮೊರದಲ್ಲಿ ಟಣ್ ಎಂದು ಏನೋ ಬಿತ್ತು. ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಉದ್ದ, ಒಂದು ತುದಿ ಮೊನೆ, ಇನ್ನೊಂದು ತುದಿ ಮಟ್ಟ. ಬೆಳ್ಳಗೆ ಹೊಳೆಯುತ್ತಿತ್ತು. ನೀಲಾಬಾಯಿ, “ಅತ್ತೀ, ಬೆಳ್ಳಿ!” ಎಂದು ಕುಣಿದಳು. ಪತ್ತಾರ ಮೋನಪ್ಪನ ಹತ್ತಿರ ಒಯ್ದೆ. ಅವನು ಒರೆಗೆ ಹಚ್ಚಿ ನೋಡಿ ನನ್ನ ಮೇಲೇ ರೇಗಿದ.

“ಯಾರ ಕಡಿಂದ ತಗೊಂಡ್ರಿ ಯವ್ವಾ ಇದು? ಬೆಳ್ಳಿ ಅಲ್ಲ. ಒಳಗ ಸೀಸ ಅದ, ಮ್ಯಾಲ ಜರ್ಮನ್ ಬೆಳ್ಳಿ ಅಂಗಿ ಹಾಕ್ಯಾನ ಕಳ್ಳ! ತೂಕಾನೂ ನೋಡ್ರಿ, ತೊಲಕ್ಕ ಮೂರು ಗುಲಗಂಜಿ ಕಮ್ಮಿ. ಅದರಾಗೂ ಮೋಸ!”

“ನಾ ಖರೀದಿ ಮಾಡಿಲ್ಲಪಾ, ತೊಗರ್ಯಾಗ ಸಿಕ್ಕದ.”

“ಹಂಗಾದ್ರ ತೊಗರಿ ಮಾರಿದಂವಾ ಕಳ್ಳ.”

“ತೊಗರಿ ನಮ್ಮ ಹೊಲದ್ದಪಾ.”

ಅವನು ಅದನ್ನು ನನ್ನ ಕೈಗೆ ಹಾಕಿ ತಕ್ಕಡಿ ಎತ್ತಿಟ್ಟ. ಅಂದಿನಿಂದ ಅದು ನಿಮ್ಮಪ್ಪನ ದೀಪದ ಗೂಡಿನಲ್ಲಿದೆ. ಮೊನೆಯಿದೆಯಲ್ಲ, ಬತ್ತಿ ಮುಂದೆ ಚಿಮ್ಮಲು ಚೆನ್ನಾಗಿ ಒದಗುತ್ತದೆ. ಮೈಮೇಲೆ ಗೀರು ಎಳೆದ ಹಾಗೆ ಓರೆ ಗೆರೆಗಳಿವೆ. ಮಸಿ ಹಿಡಿದದ್ದನ್ನು ಈ ಕಾಗದದ ಮೂಲೆಯಲ್ಲಿ ಉರುಳಿಸಿ ಒರೆಸಿದ್ದೇನೆ, ನೋಡು. ನೀನು ಅಲ್ಲಿ ತರಬೇತಿಯಲ್ಲಿ ಕಬ್ಬಿಣದ ಸಾಮಾನುಗಳ ನಡುವೆ ಇರುವವನು. ಇದೇನೆಂದು ತಿಳಿದರೆ ಬರೆ. ನನಗೂ ಮೋನಪ್ಪನಿಗೂ ನಿದ್ದೆ ಬರುತ್ತದೆ.

ಇಂತಿ ನಿನ್ನ ಅವ್ವ,
ಶರಣಬಸಮ್ಮ


ಸೋಲಾಪುರ
೨೦ ಅಕ್ಟೋಬರ್ ೧೯೪೮

ಅವ್ವನಿಗೆ ಸಾಯಬಣ್ಣನ ಶರಣು.

ಮುಟ್ಟಿದ್ದೇನೆ, ಚೆನ್ನಾಗಿದ್ದೇನೆ. ಬೆಳಿಗ್ಗೆ ಕವಾಯತು, ಮಧ್ಯಾಹ್ನ ರೊಟ್ಟಿ, ಆಮೇಲೆ ಮತ್ತೆ ಕವಾಯತು. ಗಡಿಯಾಚೆಗಿನ ಶಿಬಿರದಲ್ಲಿದ್ದ ನಮ್ಮ ಕಡೆಯ ಹುಡುಗರಲ್ಲಿ ಹಲವರನ್ನು ಇಲ್ಲಿ ಕಾವಲು ಪಡೆಗೆ ತೆಗೆದುಕೊಂಡಿದ್ದಾರೆ. ಗುರಿಯಲ್ಲಿ ನಾನೇ ಮುಂದೆ. ನೀಲಾಗೆ ಹೇಳು.

ನಿನ್ನ ಪತ್ರ ಓದಿ ನಕ್ಕು ನಕ್ಕು ಸಾಕಾಯಿತು. ಅವ್ವಾ, ಮೋನಪ್ಪನ ಕಳ್ಳ ಅಕ್ಕಸಾಲಿಗನೂ ಇಲ್ಲ, ಬೆಳ್ಳಿಯೂ ಇಲ್ಲ. ಅದು ಗುಂಡು. ಹಾರಿ ಬಂದ ಗುಂಡು. ಮಿಲಿಟರಿ ರೈಫಲಿನದು. ಇಲ್ಲಿ ಅದಕ್ಕೆ ತ್ರೀ ನಾಟ್ ತ್ರೀ ಎನ್ನುತ್ತಾರೆ.

ಹೇಗೆ ತಿಳಿಯಿತು ಎಂದು ಕೇಳುವವಳು ನೀನು, ಅದಕ್ಕೇ ಬರೆಯುತ್ತೇನೆ. ರೈಫಲಿನ ನಳಿಗೆಯೊಳಗೆ ಐದು ಕಾಲುವೆಗಳು ಹೆಣಿಕೆಯಂತೆ ಎಡಕ್ಕೆ ಸುತ್ತಿ ಹೋಗಿರುತ್ತವೆ. ಗುಂಡು ಅದರೊಳಗೆ ತುರುಕಿಕೊಂಡು, ಬುಗುರಿಯಂತೆ ಗಿರ್ರನೆ ತಿರುಗುತ್ತ ಹೊರಬೀಳುತ್ತದೆ. ಆಗ ಮೈಮೇಲೆ ಐದು ಗೀರು ಬೀಳುತ್ತವೆ. ಮೊನೆ ಮೇಲೆ ಮಾಡಿ ಹಿಡಿದು ನೋಡು, ಐದೂ ಎಡಕ್ಕೆ ವಾಲಿರುತ್ತವೆ. ನಮ್ಮ ಗುರಿ ಹೊಡೆಯುವ ಮೈದಾನಕ್ಕೆ ಚಾಂದಮಾರಿ ಎಂದು ಹೆಸರು. ಅಲ್ಲಿಯ ಮಣ್ಣುದಿಬ್ಬದಿಂದ ನಾನೇ ಹಾರಿಸಿದ ಒಂದನ್ನು ಅಗೆದು ತೆಗೆದೆ. ಮಸಿ ಹಚ್ಚಿ ನಿನ್ನ ಗೆರೆಗಳ ಪಕ್ಕದಲ್ಲೇ ಉರುಳಿಸಿದ್ದೇನೆ. ಅವಳಿ ಮಕ್ಕಳ ಹಾಗಿಲ್ಲವೇ? ಬಜಾರಿನಲ್ಲಿ ತೂಗಿಸಿದೆ. ತೊಲಕ್ಕೆ ಮೂರು ಗುಲಗಂಜಿ ಕಡಿಮೆ. ಮೋನಪ್ಪನ ತಕ್ಕಡಿ ಸುಳ್ಳು ಹೇಳಿಲ್ಲ.

ಇದು ಮಿಲಿಟರಿ ರೈಫಲಿನದೇ. ಬೇರೆ ಯಾವ ಬಂದೂಕಿನದೂ ಅಲ್ಲ. ಬೇಕಾದರೆ ನನ್ನ ತಲೆ ಅಡ ಇಡುತ್ತೇನೆ. ಆದರೆ ನಮ್ಮ ತೊಗರಿಯೊಳಗೆ ಹೇಗೆ ಬಂತು? ಸೈನ್ಯ ಆ ಕಡೆ ಹಾಯ್ದಾಗ ಕಣದಲ್ಲೇನಾದರೂ ಬಿದ್ದಿತ್ತೇ? ಯಾವ ಚೀಲದಲ್ಲಿತ್ತು?

ನಿನ್ನ ಮಗ,
ಸಾಯಬಣ್ಣ


ಬೆಣ್ಣಿಹಾಳ
೨೯ ಅಕ್ಟೋಬರ್ ೧೯೪೮

ಚಿರಂಜೀವಿ ಸಾಯಬಣ್ಣನಿಗೆ ಆಶೀರ್ವಾದ.

ನಿನ್ನ ಪತ್ರ ನೀಲಾಬಾಯಿಗೆ ಓದಿ ಹೇಳಿದೆ. ಅವಳು ಮೊದಲು ನಕ್ಕಳು.

“ಗುಂಡಗಿಲ್ಲದ್ದು ಗುಂಡು ಹೆಂಗ ಆಗ್ತದ ಅತ್ತೀ? ಉದ್ದ ಅದ ನೋಡ್ರಿ, ಹುಣಸಿ ಬೊಟ್ಟಿನಂಗ. ನಿಮ್ಮ ಮಗಾ ಚಾಷ್ಟಿ ಮಾಡ್ಲಿಕತ್ತಾನ.”

ನಾನೂ ನಕ್ಕೆ. ಆಮೇಲೆ ನಿನ್ನ ಕೊನೆಯ ಸಾಲು ಓದಿದೆ. ಯಾವ ಚೀಲ ಎಂದು ಕೇಳಿದ್ದೆಯಲ್ಲ. ಇಬ್ಬರ ನಗುವೂ ಅಲ್ಲಿಗೆ ನಿಂತಿತು.

ಆ ಚೀಲ, ನಿಮ್ಮಪ್ಪ ಬಾಗಿಲಲ್ಲಿ ಒರಗಿ ನಿಂತಿದ್ದ ಚೀಲ. ಊರೂರು ಕಾಳು ದೋಚುತ್ತಿದ್ದ ಲಾರಿಯವರು ಬಂದು ಹಳ್ಳದ ದಂಡೆಯಲ್ಲಿ ನಿಂತು, ಕಾಳು ಹೊರಗೆ ಹಾಕಿರೆಂದು ಕೂಗಿದಾಗ, ಅವರು ಬೆನ್ನು ಕೊಟ್ಟು ನಿಂತದ್ದು ಅದಕ್ಕೇ. ಅದರ ಮೇಲೇ ಕುಸಿದರು. ರಕ್ತ ಹತ್ತಿದ ಕಾಳನ್ನು ಹೊಲದಲ್ಲಿ ಮಣ್ಣು ಮಾಡಿ, ಚೀಲದ ತೂತನ್ನು ನಾನೇ ದಬ್ಬಣದಿಂದ ಹೊಲಿದೆ. ಮನುಷ್ಯರು ತಿನ್ನಬಾರದೆಂದು ಉಳಿದದ್ದನ್ನು ದನಕ್ಕೆಂದು ಇಟ್ಟಿದ್ದೆವು. ಇಲಿ ಕಡಿದ ತೂತು ಹೊಲಿದವಳಂತೆ ಹೊಲಿದೆ. ಒಳಗೆ ಏನಿದೆಯೆಂದು ಕೈ ಹಾಕಲಿಲ್ಲ.

ನಾವೆಲ್ಲರೂ ಗುಂಡಗಿರುವುದನ್ನೇ ಹುಡುಕಿದೆವು, ಸಾಯಬಣ್ಣ. ಹೆಸರೇ ಗುಂಡು. ಕಚೇರಿಯವರು ಕತ್ತಲೆ ಕೋಣೆಗೆ ಹೋದಾಗ ನಾನೇ ದೀಪ ಹಿಡಿದೆ. ಬತ್ತಿ ಸಣ್ಣದಾಯಿತು. ಅವರೆದುರಿಗೇ ಈ ಗುಂಡಿನಿಂದಲೇ ಚಿಮ್ಮಿ, “ಈಗ ಬೆಳಕ ಬಂತು, ಚಂದಾಗಿ ಹುಡುಕ್ರಿ” ಎಂದೆ.

ದಿನಾ ಸಂಜೆ ನಿಮ್ಮಪ್ಪನ ದೀಪವನ್ನು ಅದರಿಂದಲೇ ಸರಿ ಮಾಡುತ್ತಿದ್ದೆ. ಅದರ ಬಗ್ಗೆ ಇನ್ನು ಬರೆಯುವುದಿಲ್ಲ.

ಗೋಡೆಯ ಕಿಂಡಿಯ ಮಣ್ಣು ಒಡೆದೆ. ಆಚೆ ಜೈತುನ್ಬೀ ಒಲೆ ಹಚ್ಚದೆ ಕುಳಿತಿದ್ದಳು.

“ಜೈತುನಾ, ನಿನ್ನ ಗಂಡನ ಗುಂಡು ಒಂದರೆ ಮನ್ಯಾಗ ಉಳದದೇನು?”

“ಯಾಕ ಯಕ್ಕಾ, ಇನ್ನ ಯಾರನ್ನ ಹೊಡೀಬೇಕಂತಿ?” ಎಂದಳು. ಎರಡು ತಿಂಗಳ ಸಿಟ್ಟು ಆ ಒಂದು ಮಾತಿನಲ್ಲಿ ಬಂತು. ಬರಲೇಬೇಕಿತ್ತು.

“ಹೊಡಿಲಿಕ್ಕಲ್ಲ, ನೋಡ್ಲಿಕ್ಕ. ಕೆಂಡ ತಂದೀನಿ. ಮೊದಲ ಒಲಿ ಹಚ್ಚು, ಆಮ್ಯಾಲ ಬೈ.”

ಅವಳು ಕೆಂಡ ತೆಗೆದುಕೊಳ್ಳಲಿಲ್ಲ. ಆದರೆ ಒಂದು ಹಳೆಯ ತಗಡಿನ ಡಬ್ಬಿ ತಂದು ಕಿಂಡಿಯಲ್ಲಿಟ್ಟಳು. ಒಳಗೆ ಗುಂಡು ಎರೆಯುವ ಅಚ್ಚು, ಒಂದೇ ಒಂದು ಗುಂಡು. ಗಜ್ಜುಗದಷ್ಟು ದಪ್ಪ, ಬರೀ ಸೀಸ, ಮೈಮೇಲೆ ಒಂದು ಗೀರೂ ಇಲ್ಲ. ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಕುಳಿತಿದ್ದೇನೆ. ಕುರುಡರು ಮುಟ್ಟಿದರೂ ಬೇರೆ ಎನ್ನುತ್ತಾರೆ.

ಬೇರೆ ಯಾವ ಬಂದೂಕಿನದೂ ಅಲ್ಲವೆಂದು ನೀನು ತಲೆ ಅಡ ಇಟ್ಟು ಬರೆದೆ. ನಿನ್ನ ತಲೆ ನನಗೆ ಬೇಡ. ಆ ಮಾತು ಬೇಕು. ಚಿತ್ತಾಪುರಕ್ಕೆ ಬಂದು ಹೇಳು.

ಅವ್ವ,
ಶರಣಬಸಮ್ಮ


ಸೋಲಾಪುರ
೬ ನವೆಂಬರ್ ೧೯೪೮

ಅವ್ವನಿಗೆ ಶರಣು.

ನೀನು ಆ ಮನೆಯ ಕಿಂಡಿ ತೆರೆದದ್ದು ಸರಿಯಲ್ಲ. ಆ ವಸ್ತುವನ್ನು ಬಾವಿಗೆ ಎಸೆ.

ನಾನು ನೋಡಿದ್ದೇನೆ. ನಮ್ಮ ಬಾವಿಯ ಕಡೆಯಿಂದ ಬರುತ್ತಿದ್ದೆ. ಹಾಜಿಸಾಬ ಅವನ ಮಾಳಿಗೆಯ ಮೇಲೆ ಬಂದೂಕು ಹಿಡಿದು ನಿಂತಿದ್ದ. ಢಂ ಎಂದಿತು. ಮಾಳಿಗೆ ತುಂಬ ಹೊಗೆ. ಅಪ್ಪ ಬಿದ್ದರು. ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಲಾರಿಯವರ ಹತ್ತಿರ ರೈಫಲುಗಳಿದ್ದವು, ಅವನಿಗೂ ಒಂದು ಕೊಟ್ಟಿರಬಹುದು. ಅವನೂ ಅವರೂ ಒಂದೇ ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ.

ಮತ್ತೊಂದು ಮಾತು. ಅವನಲ್ಲದಿದ್ದರೆ ಅಪ್ಪನನ್ನು ಕೊಂದವನು ಯಾರು? ಲಾರಿಯಲ್ಲಿ ಬಂದವರ ಮುಖ ನಾನು ಕಂಡಿಲ್ಲ, ಊರು ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಹೆಸರಿಲ್ಲದವನ ಮೇಲೆ ನಾನು ಏನೆಂದು ಫಿರ್ಯಾದಿ ಬರೆಯಲಿ? ಯಾರೂ ಅಲ್ಲ ಎಂದು ಹೇಳಿ ಸುಮ್ಮನೆ ಉಣ್ಣಲೇ?

ಸಾಯಬಣ್ಣ


ಬೆಣ್ಣಿಹಾಳ
೧೪ ನವೆಂಬರ್ ೧೯೪೮

ಚಿರಂಜೀವಿಗೆ ಆಶೀರ್ವಾದ.

ಬಾವಿಗೆ ಎಸೆದಿಲ್ಲ. ನಿಮ್ಮಪ್ಪನ ಎಲೆ ಅಡಿಕೆಯ ಚಂಚಿಯಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ.

ಬುಧವಾರ ನಾಲವಾರ ಮಠದ ಮಡಿವಾಳಯ್ಯನವರನ್ನು ಜೊತೆಗೆ ಕರೆದುಕೊಂಡು ಚಿತ್ತಾಪುರಕ್ಕೆ ಹೋದೆ. ನನಗೆ ಅಕ್ಷರ ಕಲಿಸಿದವರು ಅವರೇ, ಈಗ ಅದರ ಫಲ ಉಣ್ಣುತ್ತಿದ್ದಾರೆ. ದಾರಿಯುದ್ದಕ್ಕೂ, “ಶರಣಬಸಮ್ಮಾ, ಹೆಣ್ಮಕ್ಕಳು ಕಚೇರಿ ಮೆಟ್ಟಲಾ ಹತ್ತಬಾರದು” ಎಂದರು. “ಹತ್ತೂದಿಲ್ಲ ಅಯ್ಯನೋರೇ, ಮೆಟ್ಟಲಾ ಇಲ್ಲದ ಕಡಿಂದ ಹೋಗ್ತೀನಿ” ಎಂದೆ. ನೋಡಿದರೆ ಅಲ್ಲಿ ಇದ್ದದ್ದು ನೆಲಕ್ಕೆ ಹಾಸಿದ ಒಂದೇ ಫರಸಿ ಕಲ್ಲು. ಅದನ್ನು ದಾಟಿ ಹೋದೆವು.

ಹೊಸದಾಗಿ ಬಂದ ಸಾಹೇಬರಿಗೆ ಕನ್ನಡ ಅಷ್ಟಕ್ಕಷ್ಟೇ. ಮೇಜಿನ ಮೇಲೆ ಎರಡನ್ನೂ ಇಟ್ಟು, “ಇದು ಹಾಜಿಸಾಬನ ಗುಂಡು. ಇದು ನನ್ನ ಗಂಡನ ಬೆನ್ನ ಹಿಂದಿನ ಚೀಲದಾಗ ಸಿಕ್ಕ ಗುಂಡು” ಎಂದೆ. ಅವರು ಎರಡನ್ನೂ ಮುಟ್ಟಿ ನೋಡಿದರು. ಹಾಜಿಸಾಬನ ಬಂದೂಕು ಜಪ್ತಿಯಾಗಿ ಅಲ್ಲೇ ಮೂಲೆಯಲ್ಲಿತ್ತು. ತರಿಸಿ, ಉದ್ದನೆಯದನ್ನು ನಳಿಗೆಯ ಬಾಯಿಗೆ ಬಿಟ್ಟರು. ಗಡಿಗೆಯಲ್ಲಿ ಹುಣಸೆ ಬೀಜ ಬಿಟ್ಟ ಹಾಗೆ ಖಣಖಣ ಎನ್ನುತ್ತ ತಳಕ್ಕೆ ಹೋಯಿತು. ಬಂದೂಕು ಬೋರಲು ಮಾಡಿದರು, ಹಾಗೆಯೇ ಜಾರಿ ಅಂಗೈಗೆ ಬಂತು. ಸೀಸದ ಗುಂಡು ಮಾತ್ರ ಬಾಯಿ ತುಂಬಿ ಕುಳಿತಿತು. ಮಡಿವಾಳಯ್ಯನವರು ಶಿವ ಶಿವ ಎಂದರು.

ಸಾಹೇಬರು ಹೇಳಿದ್ದು ಇಷ್ಟು. ಇದು ಈ ಬಂದೂಕಿನದಲ್ಲ, ಅದು ಕಂಡಿತು. ಆದರೆ ಹಾಜಿಸಾಬನ ಕೈಯಲ್ಲಿ ಆ ದಿನ ಇದ್ದದ್ದು ಯಾವ ಬಂದೂಕು? ಕಣ್ಣಾರೆ ಕಂಡೆನೆಂದು ಬರೆದವನು ಮಗ. ಅವನೇ ಬಂದು ಹೇಳಬೇಕು. ಡಿಸೆಂಬರ್ ಹದಿಮೂರಕ್ಕೆ ಬರಲಿ. ಬರದಿದ್ದರೆ ಅವನು ಬರೆದದ್ದೇ ನಿಲ್ಲುತ್ತದೆ. ಕಾಗದ ಗುಲ್ಬರ್ಗಾಕ್ಕೆ ಹೋಗುತ್ತದೆ. ಅಲ್ಲಿ ಗಲ್ಲು ಎಂದರೂ ಎನ್ನಬಹುದು.

ಗುಂಡನ್ನು ಬಿಟ್ಟು ಹೋಗಿರಿ ಎಂದರು. “ನನ್ನ ಮಗಾ ಬಂದ ದಿನಾ ಅವನ ಕೈಲೆ ಕೊಡ್ತೀನ್ರಿ” ಎಂದೆ. ಗದರಿಸಿದರು. ನಾನು ಚಂಚಿಯ ದಾರ ಬಿಗಿದು ಕಟ್ಟಿದೆ. ಗಂಡ ಸತ್ತ ಮುದುಕಿಯ ಸೊಂಟಕ್ಕೆ ಕೈ ಹಾಕುವುದು ಯಾವ ಸಾಹೇಬನಿಗೆ ಆದೀತು?

ಹಾಜಿಸಾಬನನ್ನು ಕಂಡೆ. ಸರಳಿನ ಹಿಂದೆ ಗಡ್ಡ ಬಿಟ್ಟುಕೊಂಡು, ಹಜ್ಜಿಗೆ ಹೋಗದವನು ಈಗ ಖರೇ ಹಾಜಿಯ ಹಾಗೆ ಕಾಣುತ್ತಿದ್ದ. ಬೈಯುತ್ತಾನೆಂದು ಎದೆ ಗಟ್ಟಿ ಮಾಡಿಕೊಂಡು ಹೋಗಿದ್ದೆ.

“ವೈನೀ, ತೊಗರಿ ಹೂವಿಗೆ ಬಂದದೇನ್ರಿ?”

“ಬಂದದಪಾ.”

“ಹಂದಿ?”

“ಅವೂ ಬಂದಾವ.”

“ಬರ್ತಾವ. ನನ್ನ ಬಂದೂಕ ಇಲ್ಲಿ ಅದಂತ ಚ್ಯಾಡಿ ಯಾರೋ ಹೇಳ್ಯಾರ ಅವುಕ್ಕ.” ಆಮೇಲೆ ಸರಳು ಹಿಡಿದು, “ನಾ ಲಾರಿಗಿ ಹೊಡದೆ ವೈನೀ. ನಿಮ್ಮ ದೇವಿಂದ್ರಪ್ಪ ಬಿದ್ದ ಮ್ಯಾಲ ಹೊಡದೆ. ಎಲ್ಲಾರಿಗೀ ಹೇಳಿ ಸಾಕಾಯ್ತು, ನಿಮಗ ಒಂದು ಸಲ ಹೇಳ್ತೀನಿ” ಎಂದ.

ಆ ದಿನ ಲಾರಿ ಕಾಳು ಮುಟ್ಟದೆ ಯಾಕೆ ತಿರುಗಿ ಓಡಿತು ಎಂದು ನಾನು ಇಷ್ಟು ದಿನ ಕೇಳಿಕೊಂಡೇ ಇರಲಿಲ್ಲ. ಹೆಣದ ಮುಂದೆ ಕುಳಿತವಳಿಗೆ ಲಾರಿಯ ಚಿಂತೆ ಎಲ್ಲಿಯದು? ಈಗ ಕೇಳಿಕೊಳ್ಳುತ್ತಿದ್ದೇನೆ.

ಕೊಂದವನ ಹೆಸರು ಇಲ್ಲ ಎಂದು ಬರೆದೆ. ಹೌದು, ಇಲ್ಲ. ನನಗೂ ಬೇಕಿತ್ತು. ಹಿಡಿದು ಶಪಿಸಲಿಕ್ಕಾದರೂ ಒಂದು ಹೆಸರು ಬೇಕಿತ್ತು. ಆದರೆ ಹೆಸರು ಸಿಗಲಿಲ್ಲವೆಂದು ಪಕ್ಕದ ಮನೆಯವನ ಹೆಸರು ಬರೆಯಬಾರದು. ನೀನು ಹುಟ್ಟಿ ಮೂರು ದಿನ ಮೊಲೆ ಹಿಡಿಯದಿದ್ದಾಗ ದರ್ಗಾಕ್ಕೆ ಎತ್ತಿಕೊಂಡು ಓಡಿದವನು ಅವನು. ಬದುಕಿದರೆ ಸಾಯಬನ ಹೆಸರಿಡುತ್ತೇನೆಂದು ಹರಕೆ ಹೊತ್ತವರು ನಿಮ್ಮಪ್ಪ. ಇದನ್ನು ನಿನ್ನ ಮನಸ್ಸು ಕರಗಲೆಂದು ಬರೆಯುತ್ತಿಲ್ಲ. ಕರಗುವುದು ಬೇಡ. ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡು, ಸಾಕು.

ನಿನ್ನ ಚಾಂದಮಾರಿಯಲ್ಲಿ ರೈಫಲು ಹಾರಿಸಿದಾಗ ಎಷ್ಟು ಹೊಗೆ ಬರುತ್ತದೆ?

ಅವ್ವ,
ಶರಣಬಸಮ್ಮ


ಬೆಣ್ಣಿಹಾಳ
೩೦ ನವೆಂಬರ್ ೧೯೪೮

ಸಾಯಬಣ್ಣನಿಗೆ.

ಉತ್ತರ ಬರಲಿಲ್ಲ. ಟಪಾಲಿನವನು ಈಗ ನಮ್ಮ ಮನೆ ಬಂದಾಗ ತಲೆ ತಗ್ಗಿಸಿ ಹೋಗುತ್ತಾನೆ, ಪಾಪ, ತಪ್ಪು ಅವನದೇ ಎಂಬ ಹಾಗೆ. ಜೈತುನ್ಬೀ ಕೆಂಡ ತೆಗೆದುಕೊಳ್ಳುತ್ತಿದ್ದಾಳೆ. ಮಾತು ಇನ್ನೂ ಇಲ್ಲ.

ಪ್ರಶ್ನೆ ಮರೆತಿದ್ದರೆ ಮತ್ತೆ ಬರೆಯುತ್ತೇನೆ. ಎಷ್ಟು ಹೊಗೆ?

ಅವ್ವ


ಸೋಲಾಪುರ
೭ ಡಿಸೆಂಬರ್ ೧೯೪೮

ಅವ್ವನಿಗೆ ಸಾಯಬಣ್ಣನ ಶರಣು.

ಪ್ರಶ್ನೆ ಮರೆತಿರಲಿಲ್ಲ. ನಿನ್ನ ಪತ್ರ ಬಂದ ಮರುದಿನ ಚಾಂದಮಾರಿ ಇತ್ತು. ಇಷ್ಟು ದಿನದಿಂದ ಹೊಡೆಯುತ್ತಿದ್ದೇನೆ, ಒಮ್ಮೆಯೂ ಹೊಗೆ ನೋಡಬೇಕೆಂದು ಅನ್ನಿಸಿರಲಿಲ್ಲ. ಆ ದಿನ ಗುರಿ ಬಿಟ್ಟು ನಳಿಗೆಯ ಬಾಯಿಯನ್ನೇ ನೋಡಿದೆ. ಚಳಿಗೆ ಬಾಯಿಂದ ಬರುವ ಉಸಿರಿನಷ್ಟೂ ಬರಲಿಲ್ಲ. ಉಸ್ತಾದರು, “ಗುರಿ ಎಲ್ಲಿ, ನೀ ನೋಡ್ಲಿಕತ್ತಿದ್ದೆಲ್ಲಿ? ಮದಿವಿ ಮನ್ಯಾಗ ಬಂದೀಯೇನು?” ಎಂದು ಬೈದರು. ಬೇರೆಯವರು ಹೊಡೆಯುವಾಗ ದೂರದಲ್ಲಿ ನಿಂತು ನೋಡಿದೆ. ಯಾರದರಲ್ಲೂ ಇಲ್ಲ. ಅದು ಬೇರೆ ತರಹದ ಮದ್ದು.

ಆ ದಿನ ಹಾಜಿಕಾಕಾನ ಮಾಳಿಗೆ ಹೊಗೆಯಿಂದ ತುಂಬಿತ್ತು. ಅಂದ ಮೇಲೆ ಅವನ ಕೈಯಲ್ಲಿದ್ದದ್ದು ಅವನ ಹಳೆಯ ಬಂದೂಕೇ. ನಾನು ಬರೆಸಿದ ಮಾತೇ ನನ್ನ ಮಾತನ್ನು ಅಲ್ಲಗಳೆಯುತ್ತದೆ.

ಇನ್ನೊಂದಿದೆ. ಫಿರ್ಯಾದಿಯಲ್ಲಿ ಒಂದು ಸದ್ದು ಎಂದು ಬರೆಸಿದ್ದೆ. ಕೇಳಿದ್ದು ಎರಡು. ಮೊದಲು ಟಪ್ ಎಂದು ಸಣ್ಣದು, ಒಣ ಕಟ್ಟಿಗೆ ಮುರಿದ ಹಾಗೆ. ಹಿಂದೆಯೇ ಢಂ ಎಂದು ದೊಡ್ಡದು. ಒಂದು ಸದ್ದು, ಇನ್ನೊಂದು ಅದರ ಮರುದನಿ ಎಂದುಕೊಂಡಿದ್ದೆ. ಮರುದನಿ ಎಲ್ಲಿಯಾದರೂ ಮೊದಲ ಸದ್ದಿಗಿಂತ ದೊಡ್ಡದಿರುತ್ತದೆಯೇ, ಅವ್ವಾ? ಬಾವಿಯ ಕಡೆಯಿಂದ ಮಾಳಿಗೆ ಕಾಣುತ್ತದೆ, ನಮ್ಮ ಬಾಗಿಲು ಕಾಣುತ್ತದೆ, ಹಳ್ಳ ಕಾಣುವುದಿಲ್ಲ. ಕಂಡದ್ದನ್ನೆಲ್ಲ ಜೋಡಿಸಿದೆ. ಕಾಣದ ಕಡೆ ಒಬ್ಬನಿದ್ದ.

ಶನಿವಾರದ ಗಾಡಿಗೆ ಬರುತ್ತೇನೆ. ಇಲ್ಲಿಯ ಗೆಳೆಯರಿಗೆ ಹೇಳಿದೆ. ಒಬ್ಬ, “ಎಷ್ಟು ತಿಂದೀಯೋ?” ಎಂದ. ಇನ್ನೊಬ್ಬ ಮಾತು ಬಿಟ್ಟ. ಇರಲಿ.

ಸಾಹೇಬರು ಖಂಡಿತ ಕೇಳುವ ಪ್ರಶ್ನೆ ಒಂದಿದೆ. ಲಾರಿಗೆ ಹೊಡೆದಿದ್ದರೆ ಆ ಗುಂಡು ಎಲ್ಲಿ? ಅದಕ್ಕೆ ಬಾಯಿಮಾತು ಸಾಲದು. ಮಾಳಿಗೆಯ ಮೇಲೆ ನಿಂತು ಲಾರಿ ನಿಂತ ಜಾಗಕ್ಕೆ ಗೆರೆ ಎಳೆದರೆ ಅದರ ಹಿಂದೆ ಹಳ್ಳದ ಹುಣಸೆಮರ ಬರುತ್ತದೆ. ಉಳಿ, ಸುತ್ತಿಗೆ ತೆಗೆದಿಡು. ನಾನು ಮನೆಗೆ ಬರುವ ಮೊದಲು ಮರಕ್ಕೆ ಹೋಗುತ್ತೇನೆ. ನೀಲಾ ಹಳ್ಳದ ದಂಡೆಗೆ ತಂದು ಕೊಡಲಿ.

ನಿನ್ನ ಮಗ,
ಸಾಯಬಣ್ಣ


ಬೆಣ್ಣಿಹಾಳ
೨೪ ಡಿಸೆಂಬರ್ ೧೯೪೮

ಚಿರಂಜೀವಿ ಸಾಯಬಣ್ಣನಿಗೆ ಅವ್ವನ ಆಶೀರ್ವಾದ.

ಹಾಜಿಸಾಬ ನಿನ್ನೆ ಮನೆಗೆ ಬಂದ. ಬಿಡುಗಡೆಯ ಕಾಗದ ಬರಲು ಇಷ್ಟು ದಿನ ಹಿಡಿಯಿತು.

ನೀನು ಆ ದಿನ ಸಾಹೇಬರ ಮುಂದೆ ಹೇಳಿದ್ದನ್ನು ಮಡಿವಾಳಯ್ಯನವರು ಊರೂರಿಗೆ ಹೇಳುತ್ತ ತಿರುಗುತ್ತಿದ್ದಾರೆ. ಅವರು ಹೇಳುವಾಗ ನೀನು ಇನ್ನೂ ಒಂದಿಷ್ಟು ಎತ್ತರ ಇರುತ್ತೀ. ಮೇಜಿನ ಮೇಲೆ ನೀನು ಮೂರು ಗುಂಡುಗಳನ್ನು ಸಾಲಾಗಿ ಇಟ್ಟೆ. ಉದ್ದನೆಯದು ಒಂದು, ಡಬ್ಬಿಯದು ಒಂದು, ಹುಣಸೆಮರದಿಂದ ಕೊರೆದು ತೆಗೆದ, ಒಂದು ಮಗ್ಗುಲು ಚಪ್ಪಟೆಯಾದದ್ದು ಒಂದು. “ನೋಡಿದ್ದು ಖರೆ, ತಿಳಕೊಂಡಿದ್ದು ತಪ್ಪು” ಎಂದೆ. ಅಷ್ಟನ್ನೂ ಗಟ್ಟಿಯಾಗಿ ಹೇಳಿದವನು, ಹೊರಗೆ ಪಡಸಾಲೆಯಲ್ಲಿ ಹಾಜಿಸಾಬನನ್ನು ಕೂರಿಸಿದ್ದಾಗ ಫರಸಿ ಕಲ್ಲು ಎಣಿಸುವವನ ಹಾಗೆ ನೆಲ ನೋಡುತ್ತ ದಾಟಿ ಹೋದೆ. ವಾಡಿಯ ಗಾಡಿಗೆ ಇನ್ನೂ ಹೊತ್ತಿತ್ತು. ನನಗೆ ಗೊತ್ತಿಲ್ಲವೆಂದು ತಿಳಿಯಬೇಡ.

ಗುಂಡು ಕಚೇರಿಯಲ್ಲೇ ಉಳಿಯಿತು. ಈಗ ದೀಪದ ಬತ್ತಿಯನ್ನು ದಬ್ಬಣದಿಂದ ಚಿಮ್ಮುತ್ತೇನೆ, ಆ ಚೀಲ ಹೊಲಿದ ದಬ್ಬಣದಿಂದ.

ನಿನ್ನೆಯ ಸುದ್ದಿ ಹೇಳುತ್ತೇನೆ. ಹಾಜಿಸಾಬ ಓಣಿಯಲ್ಲಿ ಬರುವಾಗ ಜನ ಬಾಗಿಲಲ್ಲಿ ನಿಂತು ನೋಡಿದರು. ಯಾರೂ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅವನು ತನ್ನ ಮನೆಗೆ ಹೋಗಲಿಲ್ಲ. ನೆಟ್ಟಗೆ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತ. ನೀಲಾಬಾಯಿ ನೀರು ತಂದಿಟ್ಟಳು. ಜೈತುನ್ಬೀ ಕಿಂಡಿಯಿಂದ ಕೂಗಿದಳು.

“ಯಕ್ಕಾ, ನನ್ನ ಗಂಡ ನಿನ್ನ ಮನ್ಯಾಗ ಇದ್ರ ಕಳಸು. ಹೊಲಿಸಿಟ್ಟ ಅಂಗಿ ಅದ ಇಲ್ಲಿ.”

ನಾಲ್ಕು ತಿಂಗಳಲ್ಲಿ ಅವಳ ಬಾಯಿಂದ ಬಂದ ಮೊದಲ ನಗುವಿನ ಮಾತು ಅದು. ನನಗೆ ಕಣ್ಣೀರು ಬಂತು, ಒಲೆಯ ಹೊಗೆಯೆಂದು ನೀಲಾಬಾಯಿಗೆ ಹೇಳಿದೆ. ಹೊಗೆಯ ಸಂಗತಿ ನಮ್ಮ ಮನೆಯಲ್ಲಿ ಈಗ ಯಾರೂ ಸುಮ್ಮನೆ ನಂಬುವುದಿಲ್ಲ. ಅವಳೂ ನಂಬಲಿಲ್ಲ.

ಹಾಜಿಸಾಬ ಫಿರ್ಯಾದಿಯ ಮಾತೆತ್ತಲಿಲ್ಲ, ಸೆರೆಮನೆಯ ಮಾತೆತ್ತಲಿಲ್ಲ. ನೀರು ಕುಡಿದು, ಚೊಂಬು ಕೆಳಗಿಟ್ಟು ಕೇಳಿದ.

“ವೈನೀ, ಸಾಯಬೂ ನನ್ನ ಗುಂಡು ಹುಡುಕಿ ತಗದನಂತ, ಖರೇನ್ರಿ?”

“ಖರೇಪಾ. ಹಳ್ಳದ ಹುಣಸಿ ಮರದಾಗ ಇತ್ತು.”

“ಲಾರಿ ನಿಂತ ಜಾಗಾಕ್ಕ ಎಷ್ಟು ಮಾರು ಆಚೀಕ?”

ನಾನು ಖಾಲಿ ಚೊಂಬು ಎತ್ತಿಕೊಂಡೆ.

“ಬಂದೂಕ ತುಂಬ್ಲಿಕ್ಕ ನನಗ ತಡ ಆಯ್ತು ವೈನೀ. ಮದ್ದು ಹಾಕಿ, ಗುಂಡು ಇಟ್ಟು, ಗಜ ಹಾಕಿ ಬಡಿಯೂದರಾಗ ದೇವಿಂದ್ರಪ್ಪ ಹೋಗಿಬಿಟ್ಟ. ಅದ ಹೋಗ್ಲಿ. ಗುರಿಯರೆ ಸರಿ ಇತ್ತೋ ಇಲ್ಲೋ, ಅಷ್ಟ ಗೊತ್ತಾಗಬೇಕು ನನಗ. ಜೇಲಿನಾಗ ಇದೊಂದ ವಿಚಾರ.”

ನೋಡು ಸಾಯಬಣ್ಣ, ನಾವು ಇಲ್ಲಿ ಅವನು ಕೊಂದನೋ ಇಲ್ಲವೋ ಎಂದು ಅಳೆಯುತ್ತಿದ್ದರೆ ಅವನು ಅಲ್ಲಿ ಕುಳಿತು ಯಾಕೆ ಉಳಿಸಲಾಗಲಿಲ್ಲ ಎಂದು ಅಳೆಯುತ್ತಿದ್ದ. ನನಗೆ ಏನಾದರೂ ಹೇಳಿ ಸಮಾಧಾನ ಮಾಡಬಹುದಿತ್ತು. ಹತ್ತಿರವೇ ಇತ್ತು ಎಂದುಬಿಡಬಹುದಿತ್ತು. ಆದರೆ ಈ ಮನೆಯಲ್ಲಿ ಅಂದಾಜಿನ ಮಾತು ಸಾಕು.

“ನಾ ಅಳದಿಲ್ಲಪಾ” ಎಂದೆ. “ಅಳದಂವಾ ನನ್ನ ಮಗಾ. ಅವನ್ನ ಕೇಳು.”

“ಅಂವ ಬರ್ತಾನೇನ್ರಿ?”

“ಎಳ್ಳಮಾಸಿಗಿ ಬರ್ತಾನ.”

ಹೇಳಿಬಿಟ್ಟಿದ್ದೇನೆ. ಎಳ್ಳಮಾವಾಸ್ಯೆ ಬರುವ ಗುರುವಾರ. ಪ್ರತಿ ವರ್ಷ ನಿಮ್ಮಪ್ಪ ಹೊಲದ ನಡುವೆ ನಿಂತು ಭೂಮಿತಾಯಿಗೆ ಎಡೆಯ ಚರಗ ಚೆಲ್ಲುತ್ತಿದ್ದರು, ಹಾಜಿಸಾಬ ಬದುವಿನ ಮೇಲೆ ಕುಳಿತು ಭಜ್ಜಿ ಸಜ್ಜೆ ರೊಟ್ಟಿಗೆ ಕಾಯುತ್ತಿದ್ದ. ಈ ಸಲ ಚರಗ ಚೆಲ್ಲುವವನು ನೀನು. ಆಮೇಲೆ ಅವನನ್ನು ಹಳ್ಳದ ದಂಡೆಗೆ ಕರೆದುಕೊಂಡು ಹೋಗು. ಮರ ತೋರಿಸು, ಲಾರಿ ನಿಂತ ಜಾಗ ತೋರಿಸು, ಎಷ್ಟು ಮಾರು ಎಂದು ಅವನ ಮುಖ ನೋಡಿ ಹೇಳು. ಕಡಿಮೆ ಹೇಳಬೇಡ, ಹೆಚ್ಚೂ ಹೇಳಬೇಡ. ನೀನು ಹೇಳಬೇಕಾದ ಬೇರೆ ಮಾತೂ ಒಂದಿದೆ. ಅದನ್ನು ನಾನು ಬರೆದುಕೊಡುವುದಿಲ್ಲ.

ಬುತ್ತಿ ಐವರಿಗೆ ಕಟ್ಟುತ್ತೇನೆ.

ಅವ್ವ,
ಶರಣಬಸಮ್ಮ